ಬೆಳಗಾವಿಯ ಸೈಕಲ್ ಅಂಗಡಿಯಿಂದ ರೈತನ ಎಂಜಿನ್‌ವರೆಗೆ: ಲಕ್ಷ್ಮಣರಾವ್ ಕಿರ್ಲೋಸ್ಕರ್

ಉತ್ತರ ಕರ್ನಾಟಕದ ಹೊಲಗಳಲ್ಲಿ ಬಾವಿಯ ದಂಡೆಯ ಮೇಲೆ ಕುಳಿತು ನೀರೆತ್ತುತ್ತಿದ್ದ ಡೀಸೆಲ್ ಎಂಜಿನ್ನಿಗೆ ಅನೇಕ ರೈತರ ಬಾಯಲ್ಲಿದ್ದ ಹೆಸರು ಕಿರ್ಲೋಸ್ಕರ್. ಮನೆತನವೊಂದರ ಹೆಸರು ಹೀಗೆ ಯಂತ್ರದ ಹೆಸರೇ ಆಗಿಬಿಡುವುದು ಅಪರೂಪ. ಆ ಹೆಸರಿನ ಮೂಲ ಇರುವುದು ಬೆಳಗಾವಿ ಜಿಲ್ಲೆಯಲ್ಲಿ. ಅದರ ಮೊದಲ ಅಂಗಡಿ ತೆರೆದದ್ದು ಬೆಳಗಾವಿ ನಗರದಲ್ಲಿ. ಅದು ಬೆಳೆದು ಹೆಮ್ಮರವಾದದ್ದು ಮಾತ್ರ ಬೇರೆಡೆ.

ಕಿರ್ಲೋಸ್ಕರ್ ಉದ್ಯಮದ ಸಂಸ್ಥಾಪಕ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರ ಬದುಕನ್ನು ಉದ್ಯಮಿಯೊಬ್ಬರ ಯಶೋಗಾಥೆಯಾಗಿ ಹೇಳುವುದು ರೂಢಿ. ಆದರೆ ಅವರ ಜೀವನದ ಪ್ರತಿಯೊಂದು ಘಟ್ಟದಲ್ಲೂ ಒಂದು ಯಂತ್ರವಿದೆ. ಆ ಯಂತ್ರಕ್ಕೆ ಅದರದೇ ಆದ ದೋಷಗಳಿವೆ. ಕೊಳ್ಳುವವನಿಗೆ ಅದರ ಮೇಲೆ ಅಪನಂಬಿಕೆಯೂ ಇದೆ. ಆ ದೋಷವನ್ನೂ ಅಪನಂಬಿಕೆಯನ್ನೂ ಒಟ್ಟಿಗೇ ಎದುರಿಸಿದ್ದು ಅವರ ನಿಜವಾದ ಸಾಧನೆ.

ಗುರ್ಲಹೊಸೂರಿನ ಹುಡುಗ

ಲಕ್ಷ್ಮಣರಾಯರು ಜನಿಸಿದ್ದು 1869ರ ಜೂನ್ 20ರಂದು, ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ. ತಂದೆ ಕಾಶಿನಾಥಪಂತರು ವೇದಾಂತದಲ್ಲಿ ಆಸಕ್ತರು. ಮರಾಠಿ ಸಂಗೀತ ನಾಟಕದ ಪ್ರವರ್ತಕರೆಂದು ಹೆಸರಾದ ಅಣ್ಣಾಸಾಹೇಬ ಕಿರ್ಲೋಸ್ಕರ್ ಅವರೂ 1843ರಲ್ಲಿ ಇದೇ ಊರಿನಲ್ಲಿ ಹುಟ್ಟಿದವರು. ಒಂದೇ ಊರಿನ ಒಂದು ಮನೆತನ ರಂಗಭೂಮಿಗೂ ಕೈಗಾರಿಕೆಗೂ ಹೆಸರಾದದ್ದು ಗಡಿನಾಡಿನ ವೈಶಿಷ್ಟ್ಯಗಳಲ್ಲಿ ಒಂದು.

ಶಾಲೆಯ ಪಾಠಗಳು ಹುಡುಗನಿಗೆ ಹಿಡಿಸಲಿಲ್ಲ. ಚಿತ್ರ ಬರೆಯುವುದು, ಯಂತ್ರಗಳನ್ನು ಬಿಚ್ಚಿ ನೋಡುವುದು ಇವೆರಡೇ ಅವನ ಆಸಕ್ತಿ. 1885ರಲ್ಲಿ ಅವರು ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಕೆಲವು ಬಣ್ಣಗಳನ್ನು ಗುರುತಿಸಲು ತಮ್ಮ ಕಣ್ಣಿಗೆ ಸಾಧ್ಯವಿಲ್ಲವೆಂಬುದು ತಿಳಿಯಿತು. ಚಿತ್ರಕಾರನಾಗುವ ಕನಸು ಅಲ್ಲಿಗೆ ಮುಗಿಯಿತು.

ಆದರೆ ಗೆರೆಗೆ ಬಣ್ಣದ ಹಂಗಿಲ್ಲ. ಅವರು ಯಂತ್ರಗಳ ನಕ್ಷೆ ಬರೆಯುವ ವಿದ್ಯೆಯನ್ನು ಕಲಿತರು. ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದೇ ವಿಷಯದ ಸಹಾಯಕ ಶಿಕ್ಷಕರಾದರು. ಪಾಠ ಮುಗಿದ ಮೇಲೆ ಸಂಸ್ಥೆಯ ಕಾರ್ಯಾಗಾರದಲ್ಲಿ ಯಂತ್ರಗಳ ಒಡನಾಟ ಅವರ ನಿಜವಾದ ಶಿಕ್ಷಣವಾಯಿತು. ಯಾವ ಎಂಜಿನಿಯರಿಂಗ್ ಪದವಿಯೂ ಅವರಿಗಿರಲಿಲ್ಲ.

ಸೈಕಲ್ ಕಲಿಸಿದ ಪಾಠ

1888 ಕಿರ್ಲೋಸ್ಕರ್ ಸಂಸ್ಥೆ ತನ್ನ ಹುಟ್ಟಿನ ವರ್ಷವೆಂದು ಎಣಿಸುವ ವರ್ಷ. ಮುಂಬಯಿಯಲ್ಲಿದ್ದ ಲಕ್ಷ್ಮಣರಾಯರು ಸೈಕಲ್‌ಗಳನ್ನು ಕೊಂಡು ಬೆಳಗಾವಿಗೆ ಕಳುಹಿಸುತ್ತಿದ್ದರು. ಅಣ್ಣ ರಾಮುಅಣ್ಣ ಅವುಗಳನ್ನು ಇಲ್ಲಿ ಮಾರುತ್ತಿದ್ದರು. ಕೊಂಡವರಿಗೆ ಹತ್ತಿ ಓಡಿಸುವುದನ್ನೂ ಕಲಿಸುತ್ತಿದ್ದರು. ಸೈಕಲ್ ಅಂದು ಅಧಿಕಾರಿಗಳ, ವಕೀಲರ, ಉಳ್ಳವರ ವಾಹನ. ದಂಡಿನ ಪ್ರದೇಶವಿದ್ದ ಬೆಳಗಾವಿಯಲ್ಲಿ ಅಂಥ ಗಿರಾಕಿಗಳಿಗೆ ಕೊರತೆಯಿರಲಿಲ್ಲ. ಖಾನಾಪುರದ ಕಾಡಿನ ಮೂಲಕ ಲೋಂಡಾದತ್ತ ಸಾಗುವ ರೈಲುಮಾರ್ಗವೂ ಆ ವರ್ಷಗಳಲ್ಲೇ ಬೆಳಗಾವಿಯನ್ನು ಹೊರಜಗತ್ತಿಗೆ ಜೋಡಿಸಿತು.

ಸೈಕಲ್ ಸರಳವಾಗಿ ಕಂಡರೂ ಅದರ ಒಳಗೆ ಇಡೀ ಯಂತ್ರಶಾಸ್ತ್ರವೇ ಅಡಗಿದೆ. ಗುಂಡುಗಳ ಬೇರಿಂಗ್ ಒಣಗಿದರೆ ಚಕ್ರ ಬಿಗಿಯುತ್ತದೆ. ಸರಪಳಿ ಸಡಿಲಾದರೆ ಹಲ್ಲು ತಪ್ಪುತ್ತದೆ. ಅಂಗಡಿಯಿಂದ ಹೊರಬಿದ್ದ ಸೈಕಲ್ ಕೆಟ್ಟರೆ ಮತ್ತೆ ಬರುವುದು ಅದೇ ಅಂಗಡಿಗೆ. ಬಿಡಿಭಾಗವಿಲ್ಲದ ಯಂತ್ರ ಎಷ್ಟು ಉತ್ತಮವಾಗಿದ್ದರೂ ಮೂಲೆಗುಂಪಾಗುತ್ತದೆ ಎಂಬುದು ಇಂಥ ವ್ಯಾಪಾರ ಕಲಿಸುವ ಮೊದಲ ಪಾಠ.

ಈ ನಡುವೆ ಮುಂಬಯಿಯ ಸಂಸ್ಥೆಯಲ್ಲಿ ಅವರಿಗೆ ಸಿಗಬೇಕಿದ್ದ ಬಡ್ತಿ ಆಂಗ್ಲೋ ಇಂಡಿಯನ್ ವ್ಯಕ್ತಿಯೊಬ್ಬರ ಪಾಲಾಯಿತು. ಸ್ವಾಭಿಮಾನಿಯಾದ ಲಕ್ಷ್ಮಣರಾಯರು ರಾಜೀನಾಮೆ ನೀಡಿ ಬೆಳಗಾವಿಗೆ ಮರಳಿದರು. ಮಾರುವುದರಲ್ಲಿ ಅವರಿಗೆ ತೃಪ್ತಿಯಿರಲಿಲ್ಲ. ಇನ್ನೊಬ್ಬರು ಮಾಡಿದ ಯಂತ್ರವನ್ನು ಮಾರುವ ಬದಲು ತಾವೇ ಯಂತ್ರ ಮಾಡಬೇಕೆಂಬ ಹಂಬಲ ಅವರನ್ನು ಕಾಡುತ್ತಿತ್ತು.

ಮಾರಾಟವಾಗದ ನೇಗಿಲು

ಬೆಳಗಾವಿಯ ಪುಟ್ಟ ಕಾರ್ಯಾಗಾರದಲ್ಲಿ ಮೊದಲು ತಯಾರಾದದ್ದು ಮೇವು ಕತ್ತರಿಸುವ ಯಂತ್ರ. ಜೋಳದ ಕಣಕಿಯನ್ನು ಇಡಿಯಾಗಿ ಹಾಕಿದರೆ ದನಗಳು ಎಲೆ ತಿಂದು ದಂಟನ್ನು ಬಿಡುತ್ತವೆ. ಕತ್ತರಿಸಿ ಹಾಕಿದರೆ ಮೇವು ಉಳಿಯುತ್ತದೆ. ಬರ ಬಂದಾಗಲೆಲ್ಲ ಮೇವಿಗೆ ಪರದಾಡುವ ಸೀಮೆಯಲ್ಲಿ ಇದರ ಉಪಯೋಗ ಎದ್ದು ಕಾಣುತ್ತಿತ್ತು.

ಎರಡನೆಯದು ಕಬ್ಬಿಣದ ನೇಗಿಲು. ಇಲ್ಲಿ ಅವರು ಎದುರಿಸಿದ್ದು ತಂತ್ರದ ತೊಡಕನ್ನಷ್ಟೇ ಅಲ್ಲ. ಕಬ್ಬಿಣದ ನೇಗಿಲಿನಿಂದ ಭೂಮಿಗೆ ವಿಷವೇರುತ್ತದೆ ಎಂಬ ನಂಬಿಕೆ ರೈತರಲ್ಲಿ ಬೇರೂರಿತ್ತು. ಮರದ ನೇಗಿಲಿನ ಮೊನೆಗೂ ಕಬ್ಬಿಣದ ಕುಳವೇ ಇರುತ್ತದೆ ಎಂಬ ತರ್ಕ ಆ ನಂಬಿಕೆಯ ಮುಂದೆ ನಿಲ್ಲಲಿಲ್ಲ. ರೈತನ ಹಿಂಜರಿಕೆಯನ್ನು ಕೇವಲ ಮೂಢನಂಬಿಕೆ ಎಂದು ತಳ್ಳಿಹಾಕುವುದೂ ಸರಿಯಲ್ಲ. ಮರದ ನೇಗಿಲು ಮುರಿದರೆ ಊರಿನ ಬಡಿಗ ಆ ದಿನವೇ ಸರಿಪಡಿಸುತ್ತಿದ್ದ. ಕಬ್ಬಿಣದ ನೇಗಿಲಿನ ಅಚ್ಚುಭಾಗ ಒಡೆದರೆ ಬಡಿಗನಿಂದಲೂ ಆಗದು, ಕಮ್ಮಾರನಿಂದಲೂ ಆಗದು. ಬಿತ್ತನೆಯ ಹದ ಯಾರಿಗೂ ಕಾಯುವುದಿಲ್ಲ.

ಎರಕದ ಕಬ್ಬಿಣದ ಗುಣವೇ ಈ ಕಷ್ಟದ ಮೂಲ. ಅಚ್ಚಿಗೆ ಎರೆದ ಕಬ್ಬಿಣ ನಿಧಾನವಾಗಿ ಆರಿದರೆ ಮೆತ್ತಗಾಗುತ್ತದೆ. ಅಂಥ ಕುಳ ಮಣ್ಣಿನ ಉಜ್ಜಾಟಕ್ಕೆ ಬೇಗನೆ ಸವೆಯುತ್ತದೆ. ಥಟ್ಟನೆ ಆರಿದರೆ ಕಲ್ಲಿನಷ್ಟು ಗಡುಸಾಗುತ್ತದೆ. ಅಂಥ ಕುಳ ಹೊಲದ ಕಲ್ಲಿಗೆ ತಾಗಿದೊಡನೆ ಸಿಡಿಯುತ್ತದೆ. ಕುಳದ ಒಂದು ಮೈಯನ್ನು ಮಾತ್ರ ಬೇಗ ಆರಿಸಿ ಗಡುಸಾಗಿಸುವ ಉಪಾಯವನ್ನು ಇಂಗ್ಲೆಂಡಿನ ರಾಬರ್ಟ್ ರ‍್ಯಾನ್ಸಮ್ 1803ರಲ್ಲೇ ಕಂಡುಕೊಂಡಿದ್ದ. ಹಾಗೆ ಮಾಡಿದ ಕುಳ ಉಳುತ್ತಿದ್ದಂತೆ ತಾನೇ ಮಸೆದುಕೊಳ್ಳುತ್ತದೆ. ಆದರೆ ಪುಸ್ತಕದಲ್ಲಿ ಓದುವುದು ಬೇರೆ, ಬೆಳಗಾವಿಯ ಕುಲುಮೆಯಲ್ಲಿ ದೊರೆತ ಕಬ್ಬಿಣ ಮತ್ತು ಮರಳಿನಿಂದ ಪ್ರತಿಬಾರಿಯೂ ಅದೇ ಹದವನ್ನು ಸಾಧಿಸುವುದು ಬೇರೆ. ಖಾನಾಪುರದ ಭತ್ತದ ಗದ್ದೆಗೂ ಪೂರ್ವದ ಎರೆಭೂಮಿಗೂ ಒಂದೇ ನೇಗಿಲು ಹೊಂದುವುದಿಲ್ಲ. ಕರಿಕೆ ಹುಲ್ಲು ಆಳಕ್ಕೆ ಬೇರಿಳಿಸಿದ ಎರೆಹೊಲದಲ್ಲಿ ಕುಳದ ಮೇಲೆ ಬೀಳುವ ಒತ್ತಡವೇ ಬೇರೆ.

ಮೊದಲ ಕಬ್ಬಿಣದ ನೇಗಿಲು ಮಾರಾಟವಾಗಲು ಹಿಡಿದದ್ದು ಎರಡು ವರ್ಷ. ಅಷ್ಟು ಕಾಲ ಕಾಯುವ ಬಂಡವಾಳವಾಗಲಿ ಬೆಂಬಲವಾಗಲಿ ಅವರಿಗಿರಲಿಲ್ಲ. ಕಾದರು ಅಷ್ಟೇ. ನೇಗಿಲು ಹೊಲಕ್ಕಿಳಿದ ಮೇಲೆ ಮಣ್ಣು ಮಗುಚಿದ ರೀತಿಯನ್ನು ಕಂಡ ಅಕ್ಕಪಕ್ಕದವರು ಕ್ರಮೇಣ ಒಲಿದರು. ಹೊಲದಲ್ಲಿ ಕಂಡದ್ದು ಯಾವ ಜಾಹೀರಾತಿಗಿಂತಲೂ ಬಲವಾಗಿತ್ತು.

ನಗರ ಕೈಬಿಟ್ಟಿತು, ಸಂಸ್ಥಾನ ಕೈಹಿಡಿಯಿತು

ಉದ್ಯಮ ಕಣ್ಣು ಬಿಡುತ್ತಿದ್ದಂತೆಯೇ ಇನ್ನೊಂದು ಆಘಾತ ಕಾದಿತ್ತು. ಬೆಳಗಾವಿ ಬೆಳೆಯುತ್ತಿತ್ತು. ನೇಕಾರರ ನೆಲೆಗಳಾದ ಶಹಾಪುರ, ವಡಗಾವಿಗಳ ಸಮೀಪದಲ್ಲಿ, ಇಂದು ಟಿಳಕವಾಡಿ ಎಂದು ಕರೆಯಲಾಗುವ ಹೊಸ ಬಡಾವಣೆಗೆ ಪುರಸಭೆ ಯೋಜನೆ ಹಾಕಿತು. ಅದಕ್ಕೆ ಕಿರ್ಲೋಸ್ಕರ್ ಕಾರ್ಯಾಗಾರವಿದ್ದ ಜಾಗ ಬೇಕಾಯಿತು. ಕುಲುಮೆ, ಯಂತ್ರ, ಕೆಲಸಗಾರರೊಡನೆ ಲಕ್ಷ್ಮಣರಾಯರು ಬೀದಿಗೆ ಬೀಳುವ ಸ್ಥಿತಿ ಬಂತು.

ಕೈಹಿಡಿದವರು ಔಂಧ್ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ. ರಾಜರು ಸ್ವತಃ ಚಿತ್ರಕಾರರು. ಔಂಧ್‌ನಲ್ಲಿ ಕಟ್ಟಡವೊಂದರ ಕೆಲಸಕ್ಕೆ ಬಂದಿದ್ದ ಲಕ್ಷ್ಮಣರಾಯರ ಅಡಚಣೆಯನ್ನು ತಿಳಿದ ಅವರು ಕುಂಡಲ ಗ್ರಾಮದ ಬಳಿ 32 ಎಕರೆ ಬಂಜರು ಭೂಮಿಯನ್ನೂ 10,000 ರೂಪಾಯಿ ಬಡ್ಡಿರಹಿತ ಸಾಲವನ್ನೂ ನೀಡಿದರು. ಹತ್ತಿರದಲ್ಲೇ ರೈಲು ನಿಲ್ದಾಣವಿತ್ತು. ಉಳಿದಂತೆ ಅಲ್ಲಿದ್ದದ್ದು ಪಾಪಸುಕಳ್ಳಿ ಮತ್ತು ನಾಗರಹಾವು.

1910ರ ಮಾರ್ಚ್ 10ರಂದು ಕಿರ್ಲೋಸ್ಕರವಾಡಿ ಹುಟ್ಟಿತು. ಬೆಳಗಾವಿಯಿಂದ ಜೊತೆಗೆ ಬಂದ ಸುಮಾರು 25 ಮಂದಿ ಕೆಲಸಗಾರರು ತಮ್ಮ ಸಂಸಾರಗಳೊಂದಿಗೆ ಕಳ್ಳಿ ಕಡಿದು ಊರು ಕಟ್ಟಿದರು. ಪತ್ನಿ ರಾಧಾಬಾಯಿ ಆ ಊರಿನ ಹಿರಿಯ ತಾಯಿಯಂತಿದ್ದರು. ರಾಮುಅಣ್ಣ ಊರಿನ ರಚನೆಯ ಹೊಣೆ ಹೊತ್ತರು. ಶಂಭುರಾವ್ ಜಾಂಭೇಕರ್ ಎಂಜಿನಿಯರ್ ಆದರು, ಮಂಗೇಶರಾವ್ ರೇಗೆ ಲೆಕ್ಕಪತ್ರ ನೋಡಿಕೊಂಡರು. ಶಿಕ್ಷೆ ಅನುಭವಿಸಿ ಬಂದಿದ್ದ ತುಕಾರಾಮ ರಾಮೋಶಿ, ಪಿರ‍್ಯಾ ಮಾಂಗ್ ಎಂಬವರಿಗೆ ರಾತ್ರಿ ಕಾವಲಿನ ಕೆಲಸ ವಹಿಸಲಾಯಿತು. ಆ ಊರಿನಲ್ಲಿ ಅಸ್ಪೃಶ್ಯತೆಗೆ ಅವಕಾಶವಿರಲಿಲ್ಲ. ಮನುಷ್ಯನ ಹಿಂದಿನ ತಪ್ಪನ್ನೇ ಹಿಡಿದು ಕೂರದೆ ಅವನಿಂದ ಕೆಲಸ ಪಡೆಯಬಹುದೆಂಬ ನಂಬಿಕೆ ಯಜಮಾನರಿಗಿತ್ತು.

1914ರಲ್ಲಿ ಮಹಾಯುದ್ಧ ಆರಂಭವಾದಾಗ ಇಂಗ್ಲೆಂಡಿನಿಂದ ಬರುತ್ತಿದ್ದ ಸರಕು ವಿರಳವಾಯಿತು. ದೇಶೀ ನೇಗಿಲಿಗೆ ಬೇಡಿಕೆ ಏರಿತು. ಅದೇ ಯುದ್ಧದಿಂದ ಕಬ್ಬಿಣ, ಕಲ್ಲಿದ್ದಲುಗಳೂ ದುರ್ಲಭವಾದವು. ಬಾಗಿಲು ತೆರೆದ ಯುದ್ಧವೇ ಕೈಯನ್ನೂ ಕಟ್ಟಿಹಾಕಿತು. ಈ ಇಕ್ಕಟ್ಟಿನಿಂದ ಪಾರಾಗಿ ಬಂದ ಉದ್ಯಮ 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಎಂಬ ಕಂಪನಿಯಾಗಿ ನೋಂದಣಿಯಾಯಿತು.

ಎಂಜಿನ್ನಿನ ಆಗಮನ

ನೇಗಿಲು ನೆಲದ ಕೆಲಸ ಮಾಡಿತು. ಮುಂದಿನ ಪ್ರಶ್ನೆ ನೀರಿನದು. ಎತ್ತಿನ ಕಪಿಲೆಯಿಂದ ಬಾವಿಯ ನೀರೆತ್ತುವುದು ನಿಧಾನದ ಕೆಲಸ. ಕಬ್ಬಿನ ಗಾಣ, ಕೈಪಂಪುಗಳ ನಂತರ ಕಿರ್ಲೋಸ್ಕರವಾಡಿ 1926ರ ಹೊತ್ತಿಗೆ ಸೆಂಟ್ರಿಫ್ಯೂಗಲ್ ಪಂಪು ಹಾಗೂ ಡೀಸೆಲ್ ಎಂಜಿನ್ನುಗಳ ತಯಾರಿಕೆಗೆ ಕೈಹಾಕಿತು. ಅದೇ ವರ್ಷ ಹಿರಿಯ ಮಗ ಶಂತನುರಾವ್ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಿಂದ ಎಂಜಿನಿಯರಿಂಗ್ ಪದವಿ ಪಡೆದರು. ಪದವಿಯಿಲ್ಲದ ತಂದೆಯ ಕೈಗುಣಕ್ಕೆ ಮಗನ ಶಾಸ್ತ್ರಜ್ಞಾನ ಜೊತೆಯಾಯಿತು.

ಎಂಜಿನ್ ತಯಾರಿಕೆ ನೇಗಿಲಿನಂಥದಲ್ಲ. ಕುಳದಲ್ಲಿ ಕೂದಲೆಳೆಯ ವ್ಯತ್ಯಾಸವಾದರೂ ಹೊಲ ಉಳಬಹುದು. ಎಂಜಿನ್ನಿನ ಸಿಲಿಂಡರ್, ಪಿಸ್ಟನ್, ಇಂಧನ ಪಂಪುಗಳಲ್ಲಿ ಅಂಥ ವ್ಯತ್ಯಾಸವಾದರೆ ಅದು ಚಾಲೂ ಆಗುವುದೇ ಇಲ್ಲ. ಸಿಲಿಂಡರ್ ಎರಕದಲ್ಲಿ ಕಣ್ಣಿಗೆ ಕಾಣದ ಗಾಳಿಗುಳ್ಳೆ ಉಳಿದರೆ ತಿಂಗಳುಗಳ ನಂತರ ಬಿರುಕು ಬಿಟ್ಟು ನೀರು ಒಳನುಗ್ಗುತ್ತದೆ. ಭಾರತದಲ್ಲಿ ಎಂಜಿನ್ ಕೈಗಾರಿಕೆ ನೆಲೆಯೂರಲು ಇನ್ನೆರಡು ದಶಕಗಳು ಬೇಕಾದವು.

1941ರಲ್ಲಿ ಹರಿಹರದಲ್ಲಿ ಲೇತ್ ಯಂತ್ರಗಳಿಗಾಗಿ ಮೈಸೂರು ಕಿರ್ಲೋಸ್ಕರ್ ಆರಂಭವಾಯಿತು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ತಲೆಯೆತ್ತಿದವು. ಲೇತ್ ಇಲ್ಲದೆ ಎಂಜಿನ್ ಇಲ್ಲ, ಎರಕವಿಲ್ಲದೆ ಲೇತ್ ಇಲ್ಲ. ಈ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಬೆಸೆದ ಮೇಲೆಯೇ ಎಂಜಿನ್ ರೈತನ ಬಾವಿಗೆ ತಲುಪಿತು. ಲಕ್ಷ್ಮಣರಾಯರು ಇದನ್ನೆಲ್ಲ ಕಣ್ಣಾರೆ ಕಂಡರು.

ಐದು ಅಶ್ವಶಕ್ತಿಯ ನೆಂಟ

ಪುಣೆಯ ಕಾರ್ಖಾನೆಯ ಹೆಸರಾಂತ ಮಾದರಿಗಳಲ್ಲಿ ಎವಿ-1 ಒಂದು. ಒಂದೇ ಸಿಲಿಂಡರ್, ಅದರ ವ್ಯಾಸ 80 ಮಿಲಿಮೀಟರ್, ಪಿಸ್ಟನ್ ಸಾಗುವ ದೂರ 110 ಮಿಲಿಮೀಟರ್, ಒಟ್ಟು ಗಾತ್ರ 553 ಸಿಸಿ. ಗಾಳಿಯನ್ನು ಹದಿನಾರೂವರೆ ಪಟ್ಟು ಒತ್ತುತ್ತದೆ. ನಿಮಿಷಕ್ಕೆ 1500 ಸುತ್ತು ತಿರುಗಿ ಸುಮಾರು 5 ಅಶ್ವಶಕ್ತಿ ನೀಡುತ್ತದೆ. ಇದರ ಅಣ್ಣನಂತಿರುವ 661 ಸಿಸಿಯ ಟಿವಿ-1 ಮಾದರಿಯನ್ನು ದೇಶದ ನೂರಾರು ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ವಿದ್ಯಾರ್ಥಿಗಳು ಇಂದಿಗೂ ಪರೀಕ್ಷೆಗೆ ಬಳಸುತ್ತಾರೆ.

ಈ ಎಂಜಿನ್ ಕೆಡುವುದಿಲ್ಲವೆಂದಲ್ಲ. ಡೀಸೆಲ್‌ನಲ್ಲಿ ಕಸ ಅಥವಾ ನೀರು ಸೇರಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಟ್ಯಾಂಕ್ ಪೂರ್ತಿ ಬರಿದಾದರೆ ನಳಿಕೆಯಲ್ಲಿ ಗಾಳಿ ಸೇರಿ, ಅದನ್ನು ಹೊರಹಾಕುವವರೆಗೆ ಚಾಲೂ ಆಗುವುದಿಲ್ಲ. ಇಂಜೆಕ್ಟರ್ ಮೊನೆ ಸವೆದು ತೊಟ್ಟಿಕ್ಕಿದರೆ ಕಪ್ಪು ಹೊಗೆ, ಪಿಸ್ಟನ್ ರಿಂಗು ಸವೆದರೆ ನೀಲಿ ಹೊಗೆ. ಪಂಪು ಎತ್ತಿದ ನೀರನ್ನೇ ತಂಪು ಮಾಡಲು ಬಿಡುವ ಕಡೆ ಕೆಸರು ಸೇರಿ ಸಿಲಿಂಡರಿನ ಸುತ್ತ ಹೂಳು ತುಂಬುತ್ತದೆ.

ಆದರೆ ಈ ಒಂದೊಂದು ದೋಷಕ್ಕೂ ಕಣ್ಣಿಗೆ ಕಾಣುವ ಗುರುತಿದೆ, ಕೈಗೆಟಕುವ ಮದ್ದಿದೆ. ಹೊಗೆಯ ಬಣ್ಣ ನೋಡಿ ರೋಗ ಹೇಳುವ ಮಿಸ್ತ್ರಿಗಳು ತಾಲ್ಲೂಕು ಕೇಂದ್ರಗಳಲ್ಲಿ ತಯಾರಾದರು. ಬಿಡಿಭಾಗಗಳು ಪೇಟೆಯಲ್ಲಿ ದೊರೆತವು. ಮರದ ನೇಗಿಲು ರೈತನಿಗೆ ಕೊಟ್ಟಿದ್ದ ಭರವಸೆಯನ್ನು, ಅಂದರೆ ಮುರಿದರೆ ಊರಿನಲ್ಲೇ ಸರಿಹೋಗುತ್ತದೆ ಎಂಬ ಧೈರ್ಯವನ್ನು, ಎಂಜಿನ್ ಕೊನೆಗೂ ಗಳಿಸಿಕೊಂಡಿತು.

ಇಂದಿನ ಕಾರುಗಳ ಟರ್ಬೊ ಪೆಟ್ರೋಲ್ ಎಂಜಿನ್ನಿನೊಡನೆ ಇದನ್ನು ಹೋಲಿಸಿದರೆ ನಡುವಿನ ದೂರ ಅರಿವಾಗುತ್ತದೆ. 998 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಈಗ 120 ಅಶ್ವಶಕ್ತಿ ನೀಡುತ್ತದೆ. ಲೀಟರ್ ಲೆಕ್ಕದಲ್ಲಿ ಎವಿ-1ಕ್ಕಿಂತ ಹದಿಮೂರು ಪಟ್ಟು ಹೆಚ್ಚು. ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊ ಚಕ್ರ ನಿಮಿಷಕ್ಕೆ ಎರಡು ಲಕ್ಷ ಸುತ್ತನ್ನು ಮೀರಬಲ್ಲದು. ಅದರ ಮೈ ಕೆಂಪಗೆ ಕಾಯುತ್ತದೆ. ಆ ವೇಗವನ್ನು ಹೊರುವುದು ತೆಳುವಾದ ತೈಲದ ಪದರ ಮಾತ್ರ. ತೈಲ ಬದಲಿಸುವುದನ್ನು ಮುಂದೂಡಿದರೆ, ಘಾಟಿ ಹತ್ತಿ ಬಂದ ಎಂಜಿನ್ನನ್ನು ತಕ್ಷಣ ನಿಲ್ಲಿಸಿದರೆ, ಉಳಿದ ತೈಲ ಸುಟ್ಟು ಕರಿಕಟ್ಟಿ ಬೇರಿಂಗ್ ಹಾಳಾಗುವ ಅಪಾಯವಿದೆ. ನೇರವಾಗಿ ಸಿಲಿಂಡರಿನೊಳಗೆ ಪೆಟ್ರೋಲ್ ಚಿಮ್ಮಿಸುವ ಮಾದರಿಗಳಲ್ಲಿ ಒಳಗವಾಟಗಳ ಮೇಲೆ ಮಸಿ ಕೂರುತ್ತದೆ. ಒತ್ತಡದ ಗಾಳಿಯ ರಬ್ಬರ್ ಕೊಳವೆ ಸೀಳಿದರೆ ಶಕ್ತಿ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಇವು ಕೆಟ್ಟ ಎಂಜಿನ್ನುಗಳಲ್ಲ. ಆದರೆ ಇವುಗಳ ದೋಷ ಹೊಗೆಯ ಬಣ್ಣದಲ್ಲಷ್ಟೇ ತಿಳಿಯುವುದಿಲ್ಲ. ಗಣಕಯಂತ್ರ ಜೋಡಿಸಿ ಓದಬೇಕು. ಶಕ್ತಿ ಹೆಚ್ಚಿದಷ್ಟೂ ಮಾಲೀಕನ ಶಿಸ್ತೂ ಹೆಚ್ಚಬೇಕಾಗುತ್ತದೆ.

ಬೆಳಗಾವಿಗೆ ಉಳಿದದ್ದು

ಲಕ್ಷ್ಮಣರಾವ್ ಕಿರ್ಲೋಸ್ಕರ್ 1956ರ ಸೆಪ್ಟೆಂಬರ್ 26ರಂದು ನಿಧನರಾದರು. ಜನ್ಮಶತಮಾನೋತ್ಸವದ 1969ರ ಜೂನ್ 20ರಂದು ಭಾರತ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು. ಹರಿಹರದ ಕಾರ್ಖಾನೆ ಕಾಲಾಂತರದಲ್ಲಿ ಮುಚ್ಚಿಹೋಯಿತು. ಪಂಪು ಮತ್ತು ಎಂಜಿನ್ ಕಂಪನಿಗಳು ಉಳಿದುಕೊಂಡಿವೆ. ಕಿರ್ಲೋಸ್ಕರವಾಡಿ ಇಂದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ.

ಬೆಳಗಾವಿಗೆ ಉಳಿದದ್ದು ನಗರದ ನಡುವಿನ ಕಿರ್ಲೋಸ್ಕರ್ ರಸ್ತೆ. ಒಂದು ಬಡಾವಣೆಗಾಗಿ ಜಾಗ ಪಡೆದ ಪುರಸಭೆ ಅಂದು ನಿಯಮ ಮೀರಿತೆಂದು ಯಾರೂ ಹೇಳಲಾರರು. ಮನೆಗಳೂ ಬೇಕಿದ್ದವು. ಆದರೆ ಆ ಕಾರ್ಯಾಗಾರಕ್ಕೆ ಊರಿನಂಚಿನಲ್ಲಿ ಬದಲಿ ಜಾಗ ಸಿಕ್ಕಿದ್ದರೆ ನೇಗಿಲು, ಪಂಪು, ಎಂಜಿನ್ನುಗಳ ಚರಿತ್ರೆಯಲ್ಲಿ ಬೆಳಗಾವಿಯ ಸ್ಥಾನ ಮೊದಲ ಅಧ್ಯಾಯಕ್ಕೇ ಮುಗಿಯುತ್ತಿರಲಿಲ್ಲ.

ದಶಕಗಳ ನಂತರ ಖಾನಾಪುರ ರಸ್ತೆಯ ಉದ್ಯಮಬಾಗ್, ಮಚ್ಛೆ ಪ್ರದೇಶಗಳಲ್ಲಿ ಫೌಂಡ್ರಿಗಳು ಎದ್ದವು. ಬೆಳಗಾವಿ ಈಗ ರಾಜ್ಯದ ಪ್ರಮುಖ ಎರಕದ ಕೇಂದ್ರಗಳಲ್ಲಿ ಒಂದು. ಇಲ್ಲಿ ಎರೆದ ಬಿಡಿಭಾಗಗಳು ವಾಹನಗಳಿಗೂ ಪಂಪುಗಳಿಗೂ ಹೋಗುತ್ತವೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಇದೇ ದಾರಿಯಲ್ಲಿದೆ. ಕಬ್ಬಿಣದ ಹದ, ಮರಳಿನ ಗುಣ, ಎರಕದೊಳಗಿನ ಗುಳ್ಳೆ, ಈ ಹಳೆಯ ಸಮಸ್ಯೆಗಳು ಈ ಫೌಂಡ್ರಿಗಳಿಗೂ ತಪ್ಪಿದ್ದಲ್ಲ.

ವಿದ್ಯುತ್‌ಚಾಲಿತ ಕಾರುಗಳು ಬರುತ್ತಿರುವ ಈ ಹೊತ್ತಿನಲ್ಲಿ ಎಂಜಿನ್ ಬಿಡಿಭಾಗಗಳನ್ನೇ ನಂಬಿದ ಸಣ್ಣ ಕಾರ್ಖಾನೆಗಳು ಮತ್ತೊಂದು ಸ್ಥಳಾಂತರದ ಎದುರು ನಿಂತಿವೆ. ಈ ಬಾರಿ ಬದಲಿಸಬೇಕಿರುವುದು ಜಾಗವನ್ನಲ್ಲ, ಸರಕನ್ನು. ಸೈಕಲ್‌ನಿಂದ ಮೇವಿನ ಯಂತ್ರಕ್ಕೆ, ಅಲ್ಲಿಂದ ನೇಗಿಲಿಗೆ, ನೇಗಿಲಿನಿಂದ ಪಂಪು, ಎಂಜಿನ್ನುಗಳಿಗೆ ದಾಟಿದ ಲಕ್ಷ್ಮಣರಾಯರು ಅಂಥ ಬದಲಾವಣೆಗೆ ಪ್ರತಿಬಾರಿಯೂ ವರ್ಷಗಳ ಬೆಲೆ ತೆತ್ತರು. ಆ ವರ್ಷಗಳನ್ನು ಕಾಯಲು ಅವರಿಗೆ ನೆಲ ಮತ್ತು ಸಾಲ ಕೊಟ್ಟವರೊಬ್ಬರು ಸಿಕ್ಕಿದ್ದರು. ಉದ್ಯಮಬಾಗಿನ ಸಣ್ಣ ಕಾರ್ಖಾನೆದಾರನಿಗೂ ಬೇಕಾಗಿರುವುದು ಅಂಥ ಕಾಲಾವಕಾಶ ಮತ್ತು ಆಸರೆ.